ಅಕ್ಕನ ಹೆಸರು, ತಂಗಿಯ ನಂಬರು

ಎರಡು ವರ್ಷದ ಹಿಂದೆ, ಏಪ್ರಿಲ್ ತಿಂಗಳ ಒಂದು ಶನಿವಾರ ಬೆಳಿಗ್ಗೆ, ನಮ್ಮ ಫ್ರಿಜ್ಜಿನ ಬಾಗಿಲ ಮೇಲಿದ್ದ ಮೈಸೂರು ಅರಮನೆ ಕಾಣೆಯಾಯಿತು. ದಸರಾ ವಸ್ತುಪ್ರದರ್ಶನದಲ್ಲಿ ಕೊಂಡಿದ್ದ ಮ್ಯಾಗ್ನೆಟ್ಟು ಅದು. ಕನ್ನಡ ಕೂಟದ ಕಾರ್ಯಕ್ರಮಪಟ್ಟಿ, ಹಲ್ಲಿನ ಡಾಕ್ಟರ ಚೀಟಿ, ಎಲ್ಲದರ ಭಾರ ಹೊತ್ತಿದ್ದದ್ದು ಅದೊಂದೇ. ಚೀಟಿಗಳೆಲ್ಲ ನೆಲದ ಮೇಲೆ ಹರಡಿದ್ದವು. ಮಗಳನ್ನು ಕೇಳಿದೆ. "ನನ್ನ ಜೇಬಲ್ಲಿದೆ ಅಮ್ಮ. ಕಾರು ನೋಡೋಕೆ ಹೋಗ್ತಿದೀನಿ, ಅದಕ್ಕೆ ಬೇಕು," ಅಂದಳು.

ಮಗಳಿಗೆ ಆಗ ಇಪ್ಪತ್ತಮೂರು. ಡೆಟ್ರಾಯಿಟ್ ಪಕ್ಕದಲ್ಲಿ, ವಿದ್ಯುತ್ ಕಾರುಗಳ ಬ್ಯಾಟರಿಗೆ ಸಾಫ್ಟ್‌ವೇರ್ ಬರೆಯುವ ಕೆಲಸ. ಹಗಲೆಲ್ಲ ಸದ್ದಿಲ್ಲದ ಕಾರಿನ ಜೊತೆ ಏಗುವವಳು ಮೊದಲ ಸಂಬಳದಿಂದ ಉಳಿಸಿದ ದುಡ್ಡಲ್ಲಿ ಕೊಳ್ಳಲು ಹೊರಟಿದ್ದು, ಬೀದಿ ತುದಿಯಲ್ಲಿರುವಾಗಲೇ ನಮ್ಮನೆಯ ಸ್ಟೀಲ್ ಪಾತ್ರೆಗಳನ್ನು ಅದುರಿಸುವಂಥ ಕಾರನ್ನು. ಇಲ್ಲಿನವರು ಅದಕ್ಕೆ ಮಸಲ್ ಕಾರು ಅನ್ನುತ್ತಾರೆ. ಅವಳಪ್ಪ ಮನೆಯ ಡೌನ್ ಪೇಮೆಂಟು, ನಿವೃತ್ತಿ ಉಳಿತಾಯ ಎಂದು ಒಂದು ಗಂಟೆ ಹೇಳಿದರು. ಅವಳು ಪೂರ್ತಿ ಕೇಳಿಸಿಕೊಂಡಳು, ಆಮೇಲೆ ಬೀಗದ ಕೈ ತಗೊಂಡು ಹೊರಟಳು. ಕಾರಿನ ಬಗ್ಗೆ ನನಗೂ ಒಂಚೂರು ಗೊತ್ತಿದ್ದರಿಂದ ಜೊತೆಗೆ ನಾನೂ ಹೋದೆ. ಆ ಒಂಚೂರು ಎಲ್ಲಿಂದ ಬಂತು ಅನ್ನೋದನ್ನು ಮುಂದೆ ಹೇಳುತ್ತೇನೆ.

ಮಸಲ್ ಕಾರು ಹುಟ್ಟಿದ್ದೇ ಒಂದು ಕಿತಾಪತಿಯಿಂದ. 1963ರ ಆರಂಭದಲ್ಲಿ ಜನರಲ್ ಮೋಟಾರ್ಸ್ ತನ್ನ ವಿಭಾಗಗಳಿಗೆಲ್ಲ ರೇಸಿನ ಸಹವಾಸ ಬಿಡಿ ಎಂದು ಕಟ್ಟಪ್ಪಣೆ ಮಾಡಿತ್ತು. ಮಧ್ಯಮ ಗಾತ್ರದ ಕಾರಿಗೆ 330 ಘನ ಅಂಗುಲಕ್ಕಿಂತ ದೊಡ್ಡ ಎಂಜಿನ್ ಕೂಡದು ಎಂಬ ನಿಯಮವೂ ಇತ್ತು. ಪಾಂಟಿಯಾಕ್ ವಿಭಾಗದ ಮುಖ್ಯ ಎಂಜಿನಿಯರ್ ಜಾನ್ ಡೆಲೋರಿಯನ್ ಮತ್ತವರ ಜೊತೆಗಾರರು ಆ ನಿಯಮವನ್ನು ಮತ್ತೆ ಓದಿದರು. ನಿಯಮ ಇದ್ದದ್ದು ಮಾದರಿಗಳಿಗೆ, ಗ್ರಾಹಕ ಕೇಳಿ ಹಾಕಿಸಿಕೊಳ್ಳುವ 'ಆಪ್ಷನ್'ಗಳಿಗಲ್ಲ! ಮೇಲಿನವರು ಚಾಪೆ ಕೆಳಗೆ ತೂರಿದರೆ ಇವರು ರಂಗೋಲಿ ಕೆಳಗೆ ತೂರಿದರು. 1964ರ ಟೆಂಪೆಸ್ಟ್ ಲೆಮಾನ್ಸ್ ಎಂಬ ಸಂಭಾವಿತ ಕಾರಿಗೆ 389 ಘನ ಅಂಗುಲದ, ಅಂದರೆ ಸುಮಾರು 6.4 ಲೀಟರಿನ ಎಂಜಿನ್ ಕೂರಿಸಿ, 295 ಡಾಲರಿನ ಆಪ್ಷನ್ ಎಂದು ಪಟ್ಟಿಯಲ್ಲಿ ಬರೆದರು. ಫೆರಾರಿಯವರ ಹೆಸರನ್ನು ನಾಚಿಕೆಯಿಲ್ಲದೆ ಎತ್ತಿಕೊಂಡು ಜಿಟಿಓ ಎಂದು ಕರೆದರು. ಐದು ಸಾವಿರ ಮಾರಿದರೆ ಹೆಚ್ಚು ಅಂದುಕೊಂಡಿದ್ದು ಮೊದಲ ವರ್ಷವೇ 32,450 ಮಾರಾಟವಾಯಿತು. ಆಮೇಲೆ ಎಲ್ಲರೂ ಶುರು ಹಚ್ಚಿಕೊಂಡರು. ಪ್ಲಿಮತ್‌ನವರಂತೂ ತಮ್ಮ ಕಾರಿಗೆ ಕಾರ್ಟೂನಿನ ರೋಡ್ ರನ್ನರ್ ಹಕ್ಕಿಯ ಹೆಸರು, ಚಿತ್ರ ಎರಡನ್ನೂ ವಾರ್ನರ್ ಬ್ರದರ್ಸ್‌ಗೆ 50,000 ಡಾಲರ್ ಕೊಟ್ಟು ತಂದು, ಹಾರನ್ನಿಗೂ ಅದರ ಕೂಗನ್ನೇ ಹಾಕಿದರು.

ಈ ಜಾತ್ರೆ ಹತ್ತು ವರ್ಷ ತುಂಬುವುದರೊಳಗೆ ಮುಗಿಯಿತು. ಹುಡುಗರಿಗೆ ವಿಮೆಯವರು ದುಪ್ಪಟ್ಟು ಕೇಳತೊಡಗಿದರು. 1970ರಲ್ಲಿ ವಾಯುಮಾಲಿನ್ಯದ ಕಾಯ್ದೆ ಬಂತು. 1971ರ ಮಾದರಿಗಳಲ್ಲಿ ಜನರಲ್ ಮೋಟಾರ್ಸ್ ಎಂಜಿನ್ನಿನ ಕಂಪ್ರೆಷನ್ ಇಳಿಸಿತು. 1973ರಲ್ಲಿ ಅರಬ್ ದೇಶಗಳು ಎಣ್ಣೆಯ ನಲ್ಲಿ ತಿರುಗಿಸಿದವು. ಹಾಗೆ ಉಳಿದುಕೊಂಡ ಕಾರುಗಳು ಈಗ ಅಜ್ಜಂದಿರ ಗ್ಯಾರೇಜುಗಳಿಂದ ಒಂದೊಂದಾಗಿ ಹೊರಬರುತ್ತಿವೆ.

ನಾವು ಮೊದಲು ನೋಡಿದ್ದು 1968ರ ಜಿಟಿಓ. ಅಥವಾ ಹಾಗೆಂದು ಮಾರಾಟಗಾರ ಹೇಳಿದ್ದು. ಕುಂಕುಮದಂಥ ಕೆಂಪು, ಮುಖ ನೋಡಿಕೊಳ್ಳಬಹುದಾದ ಹೊಳಪು. ನನಗೆ ಅಲ್ಲೇ ಮನಸ್ಸಾಗಿಬಿಟ್ಟಿತ್ತು. ಮಗಳು ಬಾನೆಟ್ ತೆಗೆಸಲಿಲ್ಲ, ಸ್ಟಾರ್ಟ್ ಮಾಡಿ ಎನ್ನಲಿಲ್ಲ. ಜೇಬಿನಿಂದ ಮೈಸೂರು ಅರಮನೆ ತೆಗೆದು, ಹಿಂದಿನ ಚಕ್ರದ ಮೇಲಿನ ತಗಡಿಗೆ ಇಟ್ಟಳು. ಅಂಟಿತು. ಒಂದು ಗೇಣು ಕೆಳಗಿಟ್ಟಳು. ಅರಮನೆ ಜಾರಿ ಹುಲ್ಲಿನ ಮೇಲೆ ಬಿತ್ತು. ಬಾಗಿಲ ಕೆಳಗೆ ಇಟ್ಟಳು, ಅಲ್ಲೂ ಬಿತ್ತು. ತಗಡು ಎಂದೋ ತುಕ್ಕಿಗೆ ಆಹುತಿಯಾಗಿ, ಅಲ್ಲಿದ್ದದ್ದು ಬರೀ ಪುಟ್ಟಿ, ಅದರ ಮೇಲೆ ಕೆಂಪು ಬಣ್ಣ. ಡಿಕ್ಕಿಯ ಕಾರ್ಪೆಟ್ ಎತ್ತಿದರೆ ನೆಲದ ಹುಲ್ಲು ಕಂಡಿತು.

ಮಿಶಿಗನ್ನಿನಲ್ಲಿ ಇದು ಹೊಸದೇನಲ್ಲ. ಡೆಟ್ರಾಯಿಟ್ ನಗರದ ಅಡಿಯಲ್ಲಿ ಸುಮಾರು 1,200 ಅಡಿ ಆಳದಲ್ಲಿ ಉಪ್ಪಿನ ಗಣಿಯಿದೆ. ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಸುರಿಯುವುದೂ ಉಪ್ಪೇ. ಊರು ಮೇಲೆ ಕೂತು ಕಾರು ಮಾಡಿತು, ಊರ ಕೆಳಗಿನ ಉಪ್ಪು ಆ ಕಾರನ್ನು ತಿಂದಿತು. ಎಂಜಿನ್ ಕೆಟ್ಟರೆ ಬಿಚ್ಚಿ ಕಟ್ಟಬಹುದು, ಚಾಸಿ ಕರಗಿದ್ದರೆ ಏನು ಕಟ್ಟುವುದು? ಹೊಸಬರು ಮೋಸ ಹೋಗುವುದೇ ಇಲ್ಲಿ. ಅವರು ಕಿವಿಯಿಂದ ಕಾರು ಕೊಳ್ಳುತ್ತಾರೆ. ಕೊಳ್ಳಬೇಕಾದದ್ದು ಅಂಗಾತ ಮಲಗಿ, ಕೈಯಲ್ಲಿ ಟಾರ್ಚು ಹಿಡಿದುಕೊಂಡು.

ಕೊನೆಗೆ ಮಗಳು ಮುಂದಿನ ಗಾಜಿನಾಚೆಯಿಂದ ಡ್ಯಾಶ್‌ಬೋರ್ಡಿನ ಮೇಲಿನ ಚಾಸಿ ನಂಬರ್ ಓದಿದಳು. 1966ರಿಂದ ಜಿಟಿಓ ಆಪ್ಷನ್ ಹೋಗಿ ಬೇರೆ ಮಾದರಿಯೇ ಆಗಿತ್ತು. 1968ರ ಜಿಟಿಓ ನಂಬರ್ ಶುರುವಾಗುವುದು 242ರಿಂದ. ಇದು 237. ಅಂದರೆ ಲೆಮಾನ್ಸ್. ಅಕ್ಕನ ಸೀರೆ ಉಡಿಸಿ ತಂಗಿಯನ್ನು ಹಸೆಗೆ ತಂದು ಕೂರಿಸಿದ್ದರು. ಮಾರಾಟಗಾರನಿಗೆ ಅವಳು ಏನೂ ಅನ್ನಲಿಲ್ಲ. ಹುಲ್ಲಿನಿಂದ ಅರಮನೆ ಎತ್ತಿ ಒರೆಸಿ ಜೇಬಿಗೆ ಹಾಕಿಕೊಂಡಳು. ನನಗೇ ತಡೆಯಲಾಗದೆ, ಬರುವಾಗ ದಾರಿಯುದ್ದಕ್ಕೂ ಕನ್ನಡದಲ್ಲಿ ಬೈದೆ.

ಆಮೇಲೆ ಆರು ಕಾರು ನೋಡಿದೆವು. ಅದನ್ನೆಲ್ಲ ಹೇಳಿದರೆ ಪುಟಗಳು ಸಾಲವು. ಕೊಂಡದ್ದು ಏಳನೆಯದನ್ನು. ಫ್ಲಿಂಟ್ ಊರಿನಾಚೆ, ಕಾರು ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಒಬ್ಬ ಹಿರಿಯರ ಕೊಟ್ಟಿಗೆಯಲ್ಲಿತ್ತು. ಅದೂ 1968ರದ್ದೇ, ಮಾಸಲು ಹಸಿರು, ಅಲ್ಲಲ್ಲಿ ಬಣ್ಣ ಸವೆದು ಅಸ್ತರಿ ಕಾಣುತ್ತಿತ್ತು. ಅರಮನೆ ಎಲ್ಲಿಟ್ಟರೂ ಅಂಟಿತು. ನಂಬರ್ 237. ಅವರು ಅದನ್ನು ಲೆಮಾನ್ಸ್ ಎಂದೇ ಕರೆದರು. ಜೊತೆಗೆ ಎಣ್ಣೆ ಕಲೆಯ ಒಂದು ನೋಟ್‌ಬುಕ್ ಕೊಟ್ಟರು. ಎಣ್ಣೆ ಬದಲಿಸಿದ ತಾರೀಕು, ಪ್ರತಿ ಪಂಪಿನ ಬೆಲೆ, ಎಲ್ಲ ಪೆನ್ಸಿಲಿನಲ್ಲಿ. ಅದರಲ್ಲಿ 1983ರ ಒಂದು ಪುಟ: ಹುಟ್ಟಿನಿಂದ ಬಂದ 350 ಎಂಜಿನ್ ತೆಗೆದು, ಗುಜರಿಗೆ ಹೋದ ಪಾಂಟಿಯಾಕ್ ಕ್ಯಾಟಲಿನಾ ಒಂದರ 400 ಎಂಜಿನ್ ಹಾಕಿದ್ದು. ಪಾಂಟಿಯಾಕ್‌ನ ಈ ಎರಡೂ ಎಂಜಿನ್ ಹೊರಗಿನ ಅಳತೆಯಲ್ಲಿ ಒಂದೇ, ಹಾಗಾಗಿ ಸಲೀಸಾಗಿ ಕೂತಿದೆ. ಅವರು ಅಡಗಿಸಿಡಬಹುದಿತ್ತು. ಮೊದಲ ಮಾತಿಗೇ ಪುಟ ತೆರೆದು ತೋರಿಸಿದರು.

ಹಳೇ ಕಾರಿನ ಜನಕ್ಕೆ 'ನಂಬರ್ಸ್ ಮ್ಯಾಚಿಂಗ್' ಎಂಬ ಮಡಿ ಇದೆ. ಚಾಸಿಯ ನಂಬರಿಗೂ ಎಂಜಿನ್ನಿನ ನಂಬರಿಗೂ ತಾಳೆಯಾದರೆ ಬೆಲೆ ಏರುತ್ತದೆ, ಇಲ್ಲದಿದ್ದರೆ ಮುಖ ತಿರುಗಿಸುತ್ತಾರೆ. ಕೂಟದ ಪಿಕ್ನಿಕ್ಕಿನಲ್ಲೂ ಒಬ್ಬರು "ಒರಿಜಿನಲ್ಲಾ?" ಎಂದು ಕೇಳಿ, ಅಲ್ಲವೆಂದು ಗೊತ್ತಾದ ಮೇಲೆ ಬಿಸಿಬೇಳೆಬಾತಿನ ಕಡೆ ನಡೆದರು. ಅರಸೀಕೆರೆಯ ಚಾಸಿಗೆ ಮಿಶಿಗನ್ನಿನ ಎಂಜಿನ್ ಕೂರಿಸಿಕೊಂಡು ಮೂವತ್ತು ವರ್ಷ ಓಡಿರುವ ನಾನು ಏನು ಹೇಳಲಿ, ಸೌಟು ಕೊಟ್ಟೆ.

ಇಷ್ಟಕ್ಕೆ ಸುಖ ಬಂತು ಅಂದುಕೊಳ್ಳಬೇಡಿ. ನಾಲ್ಕು ಚಕ್ರಕ್ಕೂ ಡ್ರಮ್ ಬ್ರೇಕು, ಮಳೆಯಲ್ಲಿ ನೆನೆದರೆ ಒಂದು ಕಡೆಗೆ ಎಳೆಯುತ್ತದೆ. ಗಾಳಿಚೀಲ ಇಲ್ಲ. ಗ್ಯಾಲನ್ನಿಗೆ ಹದಿಮೂರು ಮೈಲಿ ಸಿಕ್ಕರೆ ಆ ದಿನ ಶುಭದಿನ. ಹಳೇ ಕಾರಿನ ವಿಮೆಗೆ ದಿನಬಳಕೆಯ ಇನ್ನೊಂದು ಕಾರು ಇದೆಯೆಂದು ತೋರಿಸಬೇಕಾಯಿತು. ಅವಳು ಮನೆಯಿಂದ ಹೊರಟರೆ ಅವಳಪ್ಪ ಕಿಟಕಿ ಬಿಟ್ಟು ಕದಲುವುದಿಲ್ಲ. ನಾನು ಕದಲುತ್ತೇನೆ, ಆದರೆ ಕಿವಿ ಅಲ್ಲೇ ಇರುತ್ತದೆ.

ಆ ಕಿವಿ ಜೂನಿನಲ್ಲಿ ಕೆಲಸಕ್ಕೆ ಬಂತು. ಕಾರು ಇದ್ದಕ್ಕಿದ್ದಂತೆ ಕೆಮ್ಮತೊಡಗಿತು. ಮಗಳು ಕಂಪ್ಯೂಟರ್ ಸಿಕ್ಕಿಸಿ ತಪ್ಪು ಹುಡುಕುವ ಪೀಳಿಗೆಯವಳು. ಇದಕ್ಕೆ ಸಿಕ್ಕಿಸಲು ತೂತೇ ಇಲ್ಲ. ಅವಳಪ್ಪ ಎಂಜಿನ್ನಿನ ಸಿಮ್ಯುಲೇಶನ್ನಿನಲ್ಲಿ ಇಪ್ಪತ್ತೈದು ವರ್ಷ ಕಳೆದವರು. ಇಬ್ಬರೂ ಬಾನೆಟ್ ಕೆಳಗೆ ತಲೆ ಹಾಕಿಕೊಂಡು ಇಂಧನದ ಬಗ್ಗೆ ವಾದ ಮಾಡುತ್ತಿದ್ದರು. ನಾನು ಕೊತ್ತಂಬರಿ ಸೊಪ್ಪು ಬಿಡಿಸುತ್ತಾ ಅಡುಗೆಮನೆಯಿಂದಲೇ ಕೂಗಿದೆ: "ಮಿಸ್ಸಿಂಗ್ ಹೊಡೀತಿದೆ ಕಣೇ, ಸಿ.ಬಿ. ಪಾಯಿಂಟ್ ನೋಡು!"

ನನ್ನ ಆ ಒಂಚೂರು ಬಂದದ್ದು ಅರಸೀಕೆರೆಯಿಂದ. ಅಲ್ಲಿ ನಮ್ಮ ಅಣ್ಣನ ಹತ್ತಿರ ಅಂಬಾಸಿಡರ್ ಇತ್ತು. ಅಪ್ಪನನ್ನು ನಾವು ಅಣ್ಣ ಅನ್ನುತ್ತಿದ್ದೆವು. ಭಾನುವಾರ ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದು, ಸುಟ್ಟು ಕಪ್ಪಾದ ಸಿ.ಬಿ., ಅಂದರೆ ಕಾಂಟ್ಯಾಕ್ಟ್ ಬ್ರೇಕರ್, ಪಾಯಿಂಟನ್ನು ಎಮರಿ ಕಾಗದದಲ್ಲಿ ಉಜ್ಜಿ, ಅಂಚೆ ಕಾರ್ಡಿನ ತುಂಡು ಮಡಚಿ ಅದರ ಸಂದಿಯಲ್ಲಿಟ್ಟು ಅಂತರ ನೋಡುತ್ತಿದ್ದರು. ಟಾರ್ಚು ಹಿಡಿಯುವುದು ನನ್ನ ಕೆಲಸ. ಕೈ ಅಲುಗಿದರೆ ಬೈಗುಳ. ಆ ಪಾಯಿಂಟು ಬಿಟ್ಟುಕೊಂಡ ಕ್ಷಣ ಕಾಯಿಲ್‌ನೊಳಗಿನ ಕಾಂತಕ್ಷೇತ್ರ ಕುಸಿದು ಪ್ಲಗ್ಗಿಗೆ ಕಿಡಿ ಹೋಗುತ್ತದೆ, ಅದು ಕರಕಲಾದರೆ ಕಿಡಿ ತಪ್ಪುತ್ತದೆ ಎಂದು ಭೌತಶಾಸ್ತ್ರದ ಮೇಷ್ಟ್ರಿಗಿಂತ ಮೊದಲು ನನಗೆ ಹೇಳಿದ್ದು ಅಣ್ಣ.

ನೋಡಿದರು, ಪಾಯಿಂಟೇ. ಪಾಂಟಿಯಾಕ್‌ನವರ ಡಿಸ್ಟ್ರಿಬ್ಯೂಟರಿಗೆ ಒಂದು ಪುಟ್ಟ ಕಿಟಕಿ ಇದೆ, ಎಂಜಿನ್ ಓಡುತ್ತಿರುವಾಗಲೇ ಅದರೊಳಗೆ ಆಲನ್ ಕೀ ಹಾಕಿ ತಿರುಗಿಸಬಹುದು. ಅಣ್ಣನಿಗೆ ಇದನ್ನು ತೋರಿಸಬೇಕಿತ್ತು. ಅವರು ಹೋಗಿ ಹನ್ನೊಂದು ವರ್ಷ.

ಮಿಶಿಗನ್ನಿನಲ್ಲಿ 25 ವರ್ಷ ದಾಟಿದ ಕಾರಿಗೆ 'ಐತಿಹಾಸಿಕ' ನಂಬರ್ ಪ್ಲೇಟು ಸಿಗುತ್ತದೆ. ಅದರಲ್ಲಿ ಪ್ರದರ್ಶನ, ಮೆರವಣಿಗೆ ಇಂಥದ್ದಕ್ಕೆ ಮಾತ್ರ ಹೋಗಬೇಕು, ಆಗಸ್ಟ್ ತಿಂಗಳೊಂದು ಬಿಟ್ಟು. ಆಗಸ್ಟಿನಲ್ಲಿ ತಿಂಗಳಿಡೀ ಎಲ್ಲಿಗೆ ಬೇಕಾದರೂ ಹೋಗಬಹುದು. ಆ ತಿಂಗಳ ಮೂರನೇ ಶನಿವಾರ ವುಡ್‌ವರ್ಡ್ ರಸ್ತೆಯಲ್ಲಿ ಹಳೇ ಕಾರುಗಳ ತೇರು. 1995ರಲ್ಲಿ ಫರ್ನ್‌ಡೇಲ್ ಊರಿನ ಫುಟ್‌ಬಾಲ್ ಮೈದಾನಕ್ಕೆ ಚಂದಾ ಎತ್ತಲು ಶುರುವಾದದ್ದು ಈಗ ಪಾಂಟಿಯಾಕ್ ಊರಿನವರೆಗೂ ಕಿಕ್ಕಿರಿಯುತ್ತದೆ. ಆ ಊರಿನ ಹೆಸರು ಹೊತ್ತ ಕಾರಿನ ತಯಾರಿಕೆ 2010ರ ಹೊತ್ತಿಗೇ ನಿಂತುಹೋಗಿದೆ. ನಾವು ಹೋದಾಗ ಸಾಲಿನಲ್ಲಿ ನಿಂತೂ ನಿಂತೂ ರೇಡಿಯೇಟರ್ ಕುದಿಯುವ ಹಾಗಾಯಿತು. ಎಂಜಿನ್ನಿನ ಕಾವು ಎಳೆಯಲು ಹೀಟರ್ ಪೂರ್ತಿ ಹಾಕಬೇಕಂತೆ. ಆಗಸ್ಟಿನ ಬಿಸಿಲಲ್ಲಿ ತಾಯಿ ಮಗಳು ಹೀಟರ್ ಹಾಕಿಕೊಂಡು, ಬೆವರಿಳಿಸಿಕೊಂಡು, ರಸ್ತೆಬದಿಯ ಜನರಿಗೆ ಕೈ ಬೀಸಿದೆವು.

ನಮ್ಮ ಕೂಟದಲ್ಲಿ ಎಂಬತ್ತು ದಾಟಿದ ಒಬ್ಬ ಹಿರಿಯರಿದ್ದಾರೆ. ಒಂದು ಕಾಲಕ್ಕೆ ಇಡೀ ಭಾರತಕ್ಕೆ ಅಮೆರಿಕ ಇಟ್ಟಿದ್ದ ವಲಸೆ ಕೋಟಾ ವರ್ಷಕ್ಕೆ ನೂರು ಜನ. 1965ರ ಕಾನೂನು ಅದನ್ನು ತೆಗೆದುಹಾಕಿ, 1968ರ ಜುಲೈಯಿಂದ ಪೂರ್ತಿ ಜಾರಿಗೆ ಬಂತು. ಆ ಬಾಗಿಲಿನಿಂದ ಬಂದ ಮೊದಲಿಗರಲ್ಲಿ ಅವರೊಬ್ಬರು. ಪಿಕ್ನಿಕ್ಕಿನಲ್ಲಿ ಕೋಲೂರಿಕೊಂಡು ಹಸಿರು ಕಾರಿನ ಸುತ್ತ ಎರಡು ಸಲ ಬಂದರು. ಮಗಳು ಬಾಗಿಲು ತೆಗೆದು, "ಕೂತ್ಕೊಳಿ ತಾತ," ಅಂದಳು.

ಈಗಿನವರು ಕೂತರೆ ಬೀಗದ ಕೈಗಾಗಿ ಸ್ಟೀರಿಂಗ್ ಪಕ್ಕ ತಡಕಾಡುತ್ತಾರೆ. ಜನರಲ್ ಮೋಟಾರ್ಸ್ ಕಾರುಗಳಲ್ಲಿ ಅದು ಅಲ್ಲಿಗೆ ಬಂದದ್ದು 1969ರ ಮಾದರಿಗಳಿಂದ. ಆ ಹಿರಿಯರ ಕೈ ನೋಡದೆಯೇ ಡ್ಯಾಶ್‌ಬೋರ್ಡಿಗೆ ಹೋಯಿತು. ಪೆಡಲನ್ನು ಎರಡು ಸಲ ಒತ್ತಿ ಬಿಟ್ಟು, ಕೀ ತಿರುಗಿಸಿದರು. ಎಂಜಿನ್ ಎದ್ದಿತು.

"ಇದೇನ್ರೀ ಇದು, ಇಳೀರಿ, ಮಂಡಿನೋವು ಅಂತೀರಿ," ಎಂದು ಅವರ ಮನೆಯವರು ಓಡಿಬಂದರು. ಅವರು ಇಳಿಯಲಿಲ್ಲ. "ನಮ್ಮದೂ ಲೆಮಾನ್ಸೇ. ಆರು ಸಿಲಿಂಡರು. ಎಂಟಕ್ಕೆ ದುಡ್ಡಿರಲಿಲ್ಲ," ಅಂದರು. ಸ್ವಲ್ಪ ಹೊತ್ತು ಬಿಟ್ಟು, ಮನೆಯವರ ಕಡೆ ತಿರುಗಿ, "ಆ ಕಡೆಯಿಂದ ಹತ್ತು," ಅಂದರು. ಅವರು ಸೆರಗು ಸಿಕ್ಕಿಸಿಕೊಂಡು ಹತ್ತಿ ಕೂತರು. ಪಾರ್ಕಿನ ಸುತ್ತ ಮೂರು ಸುತ್ತು. ಹಿಂದಿನ ಸೀಟಿನಲ್ಲಿ ಮಗಳು ಉಸಿರು ಬಿಗಿಹಿಡಿದು ಕೂತಿದ್ದಳಂತೆ.

ಮೊನ್ನೆ ಮೊದಲ ಹಿಮ ಬಿತ್ತು. ಉಪ್ಪಿನ ಲಾರಿ ಇನ್ನೂ ನಮ್ಮ ಬೀದಿಗೆ ಬಂದಿರಲಿಲ್ಲ, ಆ ಹಿರಿಯರ ಫೋನು ಬಂತು. ನಮ್ಮ ಕ್ಷೇಮ ಕೇಳಲಿಲ್ಲ. ಬ್ಯಾಟರಿ ಬಿಚ್ಚಿಟ್ಟಾಯಿತೇ, ಟ್ಯಾಂಕು ತುಂಬಿಸಿ ನಿಲ್ಲಿಸಿದ್ದಾಳೆಯೇ, ಇಲಿ ಬರದಂತೆ ಏನು ಮಾಡಿದ್ದೀರಿ ಎಂದು ವಿಚಾರಿಸಿ, ಇಟ್ಟುಬಿಟ್ಟರು.