ನಂಬರ್ ಪ್ಲೇಟಿನ ಮೇಲೊಂದು ದಾನ

ಫ್ಲಾರಿಡಾದಲ್ಲಿರುವ ನನ್ನ ತಂಗಿಯ ಕಾರಿನ ನಂಬರ್ ಪ್ಲೇಟಿನ ಮೇಲೆ ಪ್ಯಾಂಥರ್ ಚಿತ್ರವಿದೆ. ನಮ್ಮ ಚಿರತೆಯಲ್ಲ, ಅಲ್ಲಿಯ ಪೂಮಾ. ಅದಕ್ಕಾಗಿ ಅವಳು ವರ್ಷಕ್ಕೆ 25 ಡಾಲರ್ ಹೆಚ್ಚು ಕೊಡುತ್ತಾಳೆ. ಹಣ ಆ ಪ್ರಾಣಿಯ ಸಂಶೋಧನೆ, ಸಂರಕ್ಷಣೆಗೆ ಹೋಗುತ್ತದೆ. 1986ರಲ್ಲಿ ಚಾಲೆಂಜರ್ ನೌಕೆ ಸಿಡಿದು ಏಳು ಜನ ತೀರಿಕೊಂಡರಲ್ಲ, ಅವರ ನೆನಪಿನ ಪ್ಲೇಟಿನೊಂದಿಗೆ ಮರುವರ್ಷ ಆ ರಾಜ್ಯದಲ್ಲಿ ಶುರುವಾದ ಪದ್ಧತಿಯಿದು. ಈಗ ನೂರಕ್ಕೂ ಹೆಚ್ಚು ಬಗೆಗಳಿವೆ.

ನನಗೆ ನಗು ಬಂತು. ನಮ್ಮೂರ ದೇವಸ್ಥಾನದ ಟ್ಯೂಬ್‌ಲೈಟಿನ ಮೇಲೆ ದಾನಿಯ ಹೆಸರು ಎಷ್ಟು ದಪ್ಪಗಿತ್ತೆಂದರೆ ಬೆಳಕೇ ಮಂಕಾಗಿತ್ತು. ಇದೂ ಅದೇ ಎಂದೆ. "ಇದರಲ್ಲಿ ನನ್ನ ಹೆಸರೆಲ್ಲಿದೆ ಅಣ್ಣಾ? ನೋಡಿದ ಇನ್ನೊಬ್ಬರೂ ಕೊಡಲಿ ಅಂತ" ಎಂದಳು. ಒಪ್ಪಿದೆ. ಗುಪ್ತದಾನಕ್ಕೆ ಪುಣ್ಯ ಹೆಚ್ಚಿರಬಹುದು, ಆದರೆ ಅದು ಮತ್ತೊಬ್ಬರಿಗೆ ಅಂಟುವುದಿಲ್ಲ.

ನನ್ನನ್ನು ಕಾಡಿದ್ದು ಬೇರೆಯೇ. ಚಂದದ ಮುಖವಿಲ್ಲದ ಕಷ್ಟಗಳ ಗತಿಯೇನು? ಚರಂಡಿ, ಜೈಲುಗಳ ಚಿತ್ರವನ್ನು ಯಾರು ಕಾರಿಗೆ ಹಾಕಿಸಿಕೊಳ್ಳುತ್ತಾರೆ? ತೆರಿಗೆ ನಮ್ಮ ಇಷ್ಟ ಕೇಳುವುದಿಲ್ಲ ಎಂದು ಗೊಣಗುತ್ತೇವೆ. ಇಷ್ಟ ಕೇಳದ್ದರಿಂದಲೇ ಅದು ಅಂಥ ಕಡೆಗೂ ತಲುಪುತ್ತದೆ.

ಅಲ್ಲಿ ಉಳಿದಿರುವ ಬೆಳೆದ ಪ್ಯಾಂಥರ್‌ಗಳು ಅಂದಾಜು 120ರಿಂದ 230. ಅವುಗಳ ಸಾವಿಗೆ, ಗೊತ್ತಾದಷ್ಟರಲ್ಲಿ, ದೊಡ್ಡ ಕಾರಣ ವಾಹನಗಳು. ಹಾಗಾಗಿ ಕೆಲವು ರಸ್ತೆಗಳಲ್ಲಿ ರಾತ್ರಿ ನಿಧಾನ ಹೋಗಬೇಕೆಂಬ ಫಲಕವಿದೆ. ನಾನು ಹೊರಟ ರಾತ್ರಿ ಅಂಥದ್ದೊಂದು ಫಲಕ ದಾಟಿದೆವು. ತಂಗಿ ವೇಗ ತಗ್ಗಿಸಲಿಲ್ಲ. ನಾನೂ ಹೇಳಲಿಲ್ಲ, ವಿಮಾನಕ್ಕೆ ತಡವಾಗಿತ್ತು.