ಪ್ರೀತಿಯು ತೋರದಿರುವಾಗ ದೇವರನ್ನು ಪ್ರೀತಿಸುವದು

(ಧರ್ಮೋಪದೇಶಕಾಂಡ 6:5; ಯೋಹಾನ 21:15-17)



ದೇವರನ್ನು ಪೂರ್ಣಹೃದಯದಿಂದ ಪ್ರೀತಿಸಬೇಕೆಂಬ ಆಜ್ಞೆಯನ್ನು ನೀವೆಲ್ಲರೂ ಬಾಯಿಪಾಠವಾಗಿ ಬಲ್ಲಿರಿ. ಆದರೆ ಆ ವಾಕ್ಯವು ಸಭೆಯಲ್ಲಿ ಓದಲ್ಪಡುವಾಗ ತಲೆ ತಗ್ಗಿಸಿಕೊಂಡು ಕೂತಿರುವವರು ನಮ್ಮ ಊರುಗಳಲ್ಲಿ ಕೆಲವರಿದ್ದಾರೆ. ದೀಕ್ಷಾಸ್ನಾನ ಹೊಂದಿದ ದಿನ ಅವರ ಹೃದಯವು ಉಕ್ಕಿತು. ಈಗ ಅದು ಬೇಸಗೆಯ ಕೆರೆಯಂತೆ ಬಿರುಕುಬಿಟ್ಟಿದೆ. ಪ್ರಾರ್ಥನೆಗೆ ಮೊಣಕಾಲೂರಿದರೆ ಮಾತು ಬರುತ್ತದೆ, ಮನಸ್ಸು ಬರುವದಿಲ್ಲ. ಕೂಸನ್ನು ಮಣ್ಣಿಗೆ ಕೊಟ್ಟ ತಾಯಿಯು, "ತಕ್ಕೊಂಡು ಹೋದಾತನನ್ನು ನಾನು ಹೇಗೆ ಪ್ರೀತಿಸಲಿ?" ಎಂದು ಗೋಡೆಯ ಕಡೆಗೆ ತಿರುಗಿಕೊಳ್ಳುತ್ತಾಳೆ. ಇಂಥವರಲ್ಲಿ ಕೆಲವರು, "ಪ್ರೀತಿಯಿಲ್ಲದವನಿಗೆ ಕರ್ತನ ಭೋಜನದಲ್ಲಿ ಪಾಲೆಲ್ಲಿ?" ಎಂದುಕೊಂಡು ಆ ಆದಿತ್ಯವಾರ ಮನೆಯಲ್ಲಿಯೇ ಉಳಿದುಬಿಡುತ್ತಾರೆ. ಈ ತಿಂಗಳಿನ ಉಪದೇಶವು ಅವರಿಗೋಸ್ಕರವೇ.

ಆ ಆಜ್ಞೆಯನ್ನು ಕೊಟ್ಟ ಮೇಲೆ ಮೋಶೆಯು ಏನು ಹೇಳುತ್ತಾನೆಂದು ನೋಡಿರಿ. ದೇವರ ಮಾತುಗಳನ್ನು ಹೃದಯದಲ್ಲಿ ಇಟ್ಟುಕೊಳ್ಳಬೇಕು, ಮಕ್ಕಳಿಗೆ ಕಲಿಸಬೇಕು, ಮನೆಯಲ್ಲಿ ಕೂತಿರುವಾಗಲೂ ದಾರಿ ನಡೆಯುವಾಗಲೂ ಮಲಗುವಾಗಲೂ ಏಳುವಾಗಲೂ ಅವುಗಳನ್ನು ಕುರಿತು ಮಾತಾಡಬೇಕು, ಬಾಗಲಿನ ನಿಲುವುಗಳ ಮೇಲೆ ಬರೆಯಬೇಕು. ಇವೆಲ್ಲಾ ಬಾಯಿ, ಕೈ, ಕಾಲುಗಳ ಕೆಲಸಗಳು. ಅದೇ ಪುಸ್ತಕದ 10ನೆಯ ಅಧ್ಯಾಯದಲ್ಲಿ ದೇವರು ಪರದೇಶಿಯನ್ನು ಪ್ರೀತಿಸುತ್ತಾನೆಂದು ಬರೆದಿದೆ. ಹೇಗೆ ಪ್ರೀತಿಸುತ್ತಾನೆ? ಅನ್ನವನ್ನೂ ಬಟ್ಟೆಯನ್ನೂ ಕೊಟ್ಟು ಪ್ರೀತಿಸುತ್ತಾನೆ. ಆದದರಿಂದ ನೀವೂ ಪರದೇಶಿಯನ್ನು ಪ್ರೀತಿಸಬೇಕೆಂದು ಮೋಶೆಯು ಕೂಡಲೇ ಸೇರಿಸುತ್ತಾನೆ. ಹಸಿವೆಯಾಗಲಿ ಎಂದು ಯಾರೂ ಅಪ್ಪಣೆ ಕೊಡಲಾರರು. ಬಂದು ಊಟಕ್ಕೆ ಕೂತುಕೋ ಎಂದು ಅಪ್ಪಣೆ ಕೊಡಬಹುದು. ದೇವರು ನಮಗೆ ಕೊಟ್ಟಿರುವದು ಈ ಎರಡನೆಯ ಬಗೆಯ ಅಪ್ಪಣೆ.

ಹಾಸಿಗೆ ಹಿಡಿದ ಅತ್ತೆಯನ್ನು ವರುಷಗಟ್ಟಲೆ ನೋಡಿಕೊಳ್ಳುವ ಸೊಸೆಯನ್ನು ನೀವು ಕಂಡಿರುವಿರಿ. ಅವಳಿಗೂ ಬೇಸರವುಂಟು, ಕೆಲವು ದಿವಸ ಸಿಟ್ಟೂ ಉಂಟು. ಆದರೂ ನಡುರಾತ್ರಿಯಲ್ಲಿ ಎದ್ದು ಮುದುಕಿಯ ಮಗ್ಗುಲನ್ನು ತಿರುಗಿಸುತ್ತಾಳೆ. ಗಂಜಿಯನ್ನು ಆರಿಸಿ ಕುಡಿಸುತ್ತಾಳೆ. ಬಟ್ಟೆಯನ್ನು ಒಗೆದು ಹರವುತ್ತಾಳೆ. "ನಿನ್ನ ಎದೆಯಲ್ಲಿ ಈಗ ಪ್ರೀತಿಯು ಎಷ್ಟಿದೆ?" ಎಂದು ಆ ಹೊತ್ತಿನಲ್ಲಿ ಅವಳನ್ನು ಕೇಳುವವನು ಮೂರ್ಖನೇ ಸರಿ. ಮುದುಕಿಯಂತೂ ಕೇಳುವದಿಲ್ಲ. ತನ್ನನ್ನು ತಿರುಗಿಸಿದ ಕೈ ಯಾವದೆಂದು ಕತ್ತಲಲ್ಲಿಯೂ ಆಕೆಗೆ ಗೊತ್ತು.

"ಮನಸ್ಸಿಲ್ಲದೆ ಪ್ರಾರ್ಥಿಸುವದು ಕಪಟವಲ್ಲವೋ?" ಎಂದು ಕೇಳುವಿರಿ. ಕಪಟಿಯು ಯಾರೆಂದು ಕರ್ತನೇ ಮತ್ತಾಯನ ಸುವಾರ್ತೆಯ 6ನೆಯ ಅಧ್ಯಾಯದಲ್ಲಿ ತಿಳಿಸಿದ್ದಾನೆ: ಜನರು ನೋಡಲಿ ಎಂದು ಬೀದಿಯ ಮೂಲೆಯಲ್ಲಿ ನಿಂತು ಪ್ರಾರ್ಥಿಸುವವನು. ಒಣಗಿದ ಹೃದಯದಿಂದ, ಯಾರೂ ಕಾಣದ ಕೋಣೆಯಲ್ಲಿ, ಯಾವ ಸುಖವೂ ಸಿಕ್ಕದಿದ್ದರೂ ಮೊಣಕಾಲೂರುವವನು ಯಾರನ್ನು ಮೋಸಗೊಳಿಸುತ್ತಾನೆ? ಕೂಟಗಳಲ್ಲಿ ಸುರಿಯುವ ಕಣ್ಣೀರನ್ನು ಅಳೆದು ಭಕ್ತಿಯನ್ನು ತೂಗುವ ಕೆಲವು ಉಪದೇಶಕರು ಈ ವಿಷಯದಲ್ಲಿ ಬಡ ಜನರಿಗೆ ಬಹಳ ಕೇಡು ಮಾಡಿದ್ದಾರೆ.

ಮೈಸೂರು ಸೀಮೆಯಲ್ಲಿ ಕೆಲಸಮಾಡಿ 1947ರಲ್ಲಿ ದಕ್ಷಿಣ ಇಂಡಿಯಾ ಸಭೆಯಲ್ಲಿ ಕೂಡಿಹೋದ ವೆಸ್ಲಿಯನ್ ಮಿಷನ್ನಿನ ಹೆಸರನ್ನು ನಿಮ್ಮ ಹಿರಿಯರು ಬಲ್ಲರು. ಆ ಹೆಸರಿಗೆ ಮೂಲರಾದ ಜಾನ್ ವೆಸ್ಲಿ ಅಯ್ಯನವರ ಹೃದಯವು 1738ನೆಯ ಮೇ 24ರ ಸಾಯಂಕಾಲ ಲಂಡನ್ನಿನ ಒಂದು ಕೂಟದಲ್ಲಿ ವಿಚಿತ್ರವಾಗಿ ಬೆಚ್ಚಗಾಯಿತೆಂಬ ಸಂಗತಿಯನ್ನು ಎಲ್ಲರೂ ಹೇಳುತ್ತಾರೆ. ಅದರ ಮುಂದಿನ ಸಂಗತಿಯನ್ನು ಹೇಳುವವರು ಕಡಿಮೆ. ಎಂಟು ತಿಂಗಳೂ ತುಂಬುವದಕ್ಕೆ ಮುಂಚೆ, 1739ನೆಯ ಜನವರಿ 4ರಲ್ಲಿ, ತನ್ನಲ್ಲಿ ದೇವರ ಪ್ರೀತಿಯೇ ಇಲ್ಲವೆಂದು ಅವರು ದಿನಚರಿಯಲ್ಲಿ ಬರೆದರು. ಅದೇ ವರುಷದ ಏಪ್ರಿಲ್ 2ರಲ್ಲಿ ಬ್ರಿಸ್ಟಲ್ ಪಟ್ಟಣದ ಬಯಲಿನಲ್ಲಿ ಸುಮಾರು 3000 ಜನರಿಗೆ ಸುವಾರ್ತೆಯನ್ನು ಸಾರಿದರು. 1766ನೆಯ ಜೂನ್ ತಿಂಗಳಲ್ಲಿ, ವಯಸ್ಸು ಅರುವತ್ತು ದಾಟಿದ ಮೇಲೆ, ತಮ್ಮನಾದ ಚಾರ್ಲ್ಸರಿಗೆ ಬರೆದ ಕಾಗದದಲ್ಲಿ ಅದೇ ದುಃಖವನ್ನು ಇನ್ನೂ ಕಠಿಣವಾಗಿ ಹೇಳಿಕೊಂಡರು; ಕೆಲವು ಮಾತುಗಳನ್ನು ಇತರರು ಓದಲಾರದ ಹಾಗೆ ಶೀಘ್ರಲಿಪಿಯಲ್ಲಿಟ್ಟರು. ಆದರೂ ಕೆಲಸದಲ್ಲಿ ತನಗಿರುವ ಆಸಕ್ತಿಯು ಕುಂದಲಿಲ್ಲವೆಂದು ಅದೇ ಕಾಗದದಲ್ಲಿದೆ. ಆ ಮೇಲೆಯೂ 1791ರಲ್ಲಿ ತೀರಿಹೋಗುವ ತನಕ ಸಾರುತ್ತಲೇ ಇದ್ದರು. ಇಂಥವರ ಬಾಯಿಂದ ಸುವಾರ್ತೆಯನ್ನು ಕೇಳಿ ಸಾವಿರಾರು ಮಂದಿ ಬದುಕಿದರು. ದೇವರು ಅವರ ಸೇವೆಯನ್ನು ತಳ್ಳಿಬಿಡಲಿಲ್ಲ.

ಒಣತನವೆಲ್ಲಾ ಒಂದೇ ಬಗೆಯದಲ್ಲ. ಅಣ್ಣತಮ್ಮಂದಿರ ಜಗಳವನ್ನಾಗಲಿ, ತೀರಿಸದ ಕೂಲಿಯನ್ನಾಗಲಿ ಹೃದಯದಲ್ಲಿ ಅಡಗಿಸಿಟ್ಟವನು ಮೊದಲು ಹೋಗಿ ಅದನ್ನು ಸರಿಮಾಡಲಿ. ಚಳಿಜ್ವರದಿಂದ ಎದ್ದವನಿಗೆ ಅನ್ನವೇ ರುಚಿಸದು. ಪ್ರಾರ್ಥನೆಯು ರುಚಿಸದಿದ್ದರೆ ಅವನು ಬೆದರಬೇಕಾದದ್ದಿಲ್ಲ. ದುಃಖದಿಂದ ಬಾಯಿ ಕಟ್ಟಿದವರಾದರೋ 88ನೆಯ ಕೀರ್ತನೆಯನ್ನು ತೆರೆಯಲಿ. ಅದು ಕತ್ತಲಲ್ಲಿಯೇ ಮುಗಿಯುತ್ತದೆ. ಕೊನೆಯಲ್ಲಿ ಸ್ತೋತ್ರವೂ ಇಲ್ಲ, ಸಮಾಧಾನವೂ ಇಲ್ಲ. ಆದರೆ ಮೊದಲಿನಿಂದ ಕಡೆಯ ವರೆಗೂ ಆ ಮನುಷ್ಯನು ಮಾತಾಡುವದು ದೇವರ ಸಂಗಡಲೇ. ಕೂಸನ್ನು ಕಳಕೊಂಡ ತಾಯಿಯೇ, ಗೋಡೆಗೆ ಹೇಳಿದ ಮಾತನ್ನು ಆತನಿಗೇ ಹೇಳು. ಅಂಥ ಮಾತನ್ನು ಆತನು ತನ್ನ ಗ್ರಂಥದಿಂದ ತೆಗೆದುಹಾಕಿಸಲಿಲ್ಲ.

ಈಗ ಗಲಿಲಾಯ ಸಮುದ್ರದ ದಡಕ್ಕೆ ಬರೋಣ. ಪೇತ್ರನು ಮಹಾಯಾಜಕನ ಅಂಗಳದಲ್ಲಿ ಇದ್ದಲಬೆಂಕಿಯ ಬಳಿ ಚಳಿ ಕಾಯಿಸಿಕೊಳ್ಳುತ್ತಾ ಕರ್ತನನ್ನು ಅರಿಯೆನೆಂದು ಹೇಳಿದ್ದನು. ದಡದಲ್ಲಿಯೂ ಇದ್ದಲಬೆಂಕಿಯಿತ್ತು, ಈ ಸಾರಿ ಅದನ್ನು ಹೊತ್ತಿಸಿದಾತನು ಕರ್ತನೇ. ಪ್ರೀತಿಯುಂಟೋ ಎಂದು ಮೂರು ಸಾರಿ ಕೇಳಿದನು, ಪೇತ್ರನು ದುಃಖಪಟ್ಟನು. ಪ್ರತಿಸಾರಿಯ ಉತ್ತರಕ್ಕೂ ಕರ್ತನು ಒಂದು ಕೆಲಸವನ್ನು ಒಪ್ಪಿಸಿದನು: ಕುರಿಗಳನ್ನು ಮೇಯಿಸಬೇಕು. ಕುರಿ ಕಾಯುವವರು ನಮ್ಮಲ್ಲಿಯೂ ಇದ್ದಾರೆ. ಮಳೆಯ ದಿನ ಹಟ್ಟಿಯ ಬಾಗಲನ್ನು ತೆರೆಯುವದಕ್ಕೆ ಅವರು ಉಲ್ಲಾಸವನ್ನು ಕಾದುಕೊಂಡಿರುವದಿಲ್ಲ. ನಿಮ್ಮ ಕೈಗೆ ಕೊಟ್ಟಿರುವ ಕುರಿ ಯಾವದು? ಓದು ಬಾರದ ನೆರೆಯವನಿಗೆ ಸಂಜೆ ಒಂದು ಅಧ್ಯಾಯ ಓದಿ ಹೇಳುವದಿರಬಹುದು. ನಿಮಗೆ ಸೇರದ ನಾದಿನಿಯ ಮನೆಗೆ ಅವಳ ಕಾಯಿಲೆಯಲ್ಲಿ ನೀರು ಹೊತ್ತು ಹಾಕುವದಿರಬಹುದು.

ಆದರೆ ಈ ಪ್ರಶ್ನೆಯನ್ನು ಕೇಳುವದಕ್ಕೆ ಮೊದಲು ಕರ್ತನು ಏನು ಮಾಡಿದನೆಂಬದನ್ನು ಯೋಹಾನನು ಬರೆಯಲು ಮರೆಯಲಿಲ್ಲ. ಬೆಂಕಿಯ ಮೇಲೆ ಮೀನನ್ನು ಇಟ್ಟಿದ್ದನು, ರೊಟ್ಟಿಯೂ ಇತ್ತು. ರಾತ್ರಿಯೆಲ್ಲಾ ಬಲೆ ಬೀಸಿ ದಣಿದವರನ್ನು ಊಟಕ್ಕೆ ಕರೆದು ತಾನೇ ಬಡಿಸಿದನು. ಪೇತ್ರನೂ ಉಂಡನು. ಪ್ರೀತಿಯ ವಿಚಾರಣೆಯು ಊಟವಾದ ಮೇಲೆಯೇ ನಡೆಯಿತು. ಆದಕಾರಣ ಮನೆಯಲ್ಲಿ ಉಳಿದುಬಿಟ್ಟ ಸಹೋದರನೇ, ಸಹೋದರಿಯೇ, ಬರುವ ಭೋಜನದ ಆದಿತ್ಯವಾರ ಇತರರ ಸಂಗಡ ಎದ್ದು ಬಾ.