ಹಿತ್ತಿಲಲ್ಲಿ ದುಡಿಯುವವರು

ನೀರು ಹೊಟ್ಟೆಗಿಳಿದರೆ ಮೈಗೆ ಸೇರಿತೆಂದೇ ನಮ್ಮ ಲೆಕ್ಕ. ಆದರೆ ಕರುಳಿನ ಟೊಳ್ಳಿನಲ್ಲಿರುವುದೆಲ್ಲ ಇನ್ನೂ ಮೈಯ ಹೊರಗೇ ಇದೆ. ನಿಜವಾದ ಹೊಸ್ತಿಲು ಕರುಳಿನ ಒಳಮೈಯ ಜೀವಕೋಶಗಳ ಪೊರೆ. ಮಿಲಿಮೀಟರಿನ ಲಕ್ಷದಲ್ಲೊಂದು ಪಾಲಿಗಿಂತಲೂ ತೆಳ್ಳಗಿನ, ಕೊಬ್ಬಿನ ಎರಡು ಪದರದ ಗಡಿ ಅದು.

ಶಾಲೆಯಲ್ಲಿ ಓದಿದ್ದ ಈ ಮಾತು ನನ್ನ ಅನುಭವಕ್ಕೆ ಬಂದದ್ದು ಕೇರಳದ ಕಳಕ್ಕೂಟಂನಲ್ಲಿ. ಟೆಕ್ನೋಪಾರ್ಕಿನ ಕೆಲಸಕ್ಕೆಂದು ಬಂದು ಬಾಡಿಗೆ ಮನೆ ಹಿಡಿದಿದ್ದಾಗ ವಾಂತಿಭೇದಿ ಹತ್ತಿಕೊಂಡಿತು. ಬರೀ ನೀರು ಕುಡಿದಷ್ಟೂ ಸುಸ್ತೇ ಹೆಚ್ಚಾಗುತ್ತಿತ್ತು. ಪಕ್ಕದ ಮನೆಯ ಅಮ್ಮ ಉಪ್ಪು ಹಾಕಿದ ಕಂಜಿವೆಳ್ಳಂ, ಅಂದರೆ ನಮ್ಮ ಗಂಜಿತಿಳಿ, ತಂದಿಟ್ಟು “ಕುಡಿಕ್ಕ್ ಮೋನೇ” (ಕುಡಿ ಮಗನೇ) ಎಂದರು. ಗುಟುಕು ಗುಟುಕಾಗಿ ಕುಡಿಯುತ್ತ ಹೋದೆ. ಸಂಜೆಯ ಹೊತ್ತಿಗೆ ಒಣಗಿದ್ದ ನಾಲಿಗೆಗೆ ಪಸೆ ಬಂತು.

ನೀರು ಮಾಡಲಾಗದ್ದನ್ನು ಗಂಜಿ ಹೇಗೆ ಮಾಡಿತು? ಗಂಜಿಯ ಪಿಷ್ಟ ಕರುಳಿನಲ್ಲಿ ಒಡೆದು ಗ್ಲೂಕೋಸ್ ಆಗುತ್ತದೆ. ಪೊರೆಯಲ್ಲಿರುವ ಒಂದು ಪ್ರೋಟೀನು ಆ ಗ್ಲೂಕೋಸನ್ನು ಒಂಟಿಯಾಗಿ ಬಿಟ್ಟುಕೊಳ್ಳುವುದಿಲ್ಲ. ಉಪ್ಪಿನಲ್ಲಿರುವ ಸೋಡಿಯಂನ ಎರಡು ಕಣ ಜೊತೆಗಿದ್ದರಷ್ಟೇ ಒಳಗೆ ದಾಟಿಸುತ್ತದೆ. ಅವುಗಳ ಬೆನ್ನಿಗೆ ನೀರೂ ಹೋಗುತ್ತದೆ. ಈ ಜೋಡಿದಾರಿಯನ್ನು 1960ರಲ್ಲಿ ಜೀವರಸಾಯನ ವಿಜ್ಞಾನಿ ರಾಬರ್ಟ್ ಕ್ರೇನ್ ವಿವರಿಸಿದರು. ಕಾಲರಾದ ವಿಷಕ್ಕೂ ಅದನ್ನು ಕೆಡಿಸಲಾಗದು. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ರಕ್ತನಾಳಕ್ಕೆ ಏರಿಸುವ ಸಲೈನ್ ಸಾಲದೆ ಬಂದಾಗ ಡಾ. ದಿಲೀಪ್ ಮಹಲನಬಿಸ್ ಉಪ್ಪು-ಸಕ್ಕರೆ ಬೆರೆಸಿದ ನೀರನ್ನೇ ನೆಚ್ಚಿಕೊಂಡು ಸಾವಿರಾರು ಜನರನ್ನು ಉಳಿಸಿದರು.

ಹಾಗೆಂದು ಸಕ್ಕರೆ ಸುರಿದರೆ ಕೆಲಸ ಕೆಡುತ್ತದೆ. ಅತಿಸಿಹಿಯಾದ ದ್ರವ ಮೈಯೊಳಗಿನ ನೀರನ್ನೇ ಕರುಳಿಗೆ ಎಳೆದುಕೊಳ್ಳುತ್ತದೆ. ಹೀಗಾಗಿಯೇ ವಿಶ್ವ ಆರೋಗ್ಯ ಸಂಸ್ಥೆ 2002ರಲ್ಲಿ, ಅದೇ ಉಪ್ಪು-ಸಕ್ಕರೆ ನೀರಿಗೆ ಬೆರೆಸುವ ಓಆರ್‌ಎಸ್ ಪುಡಿಯಲ್ಲಿ ಉಪ್ಪು, ಗ್ಲೂಕೋಸ್ ಎರಡನ್ನೂ ತಗ್ಗಿಸಿತು.

ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು ಪ್ರಶ್ನೆ. ಸೋಡಿಯಂ ಒಳಗೆ ನುಗ್ಗಲು ಕಾತರಿಸುವುದೇಕೆ? ಒಳಗೆ ಅದು ಕಡಿಮೆ ಇರುವುದರಿಂದ. ಕಡಿಮೆ ಇರುವುದೇಕೆ? ಕೋಶದ ಹಿಂಬದಿಯಲ್ಲಿ, ರಕ್ತದ ಕಡೆಗೆ, ಒಂದು ಪಂಪು ಬಿಡುವಿಲ್ಲದೆ ದುಡಿಯುತ್ತಿರುವುದರಿಂದ. ಒಂದೊಂದು ಸಲವೂ ಕೋಶದ ಇಂಧನವಾದ ಎಟಿಪಿಯ ಒಂದು ಕಣವನ್ನು ಖರ್ಚು ಮಾಡಿ ಮೂರು ಸೋಡಿಯಂ ಹೊರಹಾಕಿ ಎರಡು ಪೊಟ್ಯಾಸಿಯಂ ಒಳತರುವುದು ಅದರ ಕಾಯಕ. 1957ರಲ್ಲಿ ಅದನ್ನು ಗುರುತಿಸಿದ ಜೆನ್ಸ್ ಸ್ಕೌ ಅವರಿಗೆ ನೊಬೆಲ್ ಸಿಕ್ಕಿದ್ದು 1997ರಲ್ಲಿ. ಪಂಪು ನಿಂತರೆ ಮುಂಬಾಗಿಲು ತೆರೆದಿದ್ದರೂ ವ್ಯರ್ಥ. ಒಳಬರಲು ಸೋಡಿಯಂಗೆ ಕಾರಣವೇ ಉಳಿಯುವುದಿಲ್ಲ.

ಊರು, ನಾಡು, ಮನೆತನಗಳ ಬಗ್ಗೆ ಮಾತಾಡುವಾಗ ಗಡಿ ತೆರೆದಿರಬೇಕೋ ಮುಚ್ಚಿರಬೇಕೋ ಎಂಬಲ್ಲಿಗೇ ನಮ್ಮ ವಾದ ನಿಂತುಬಿಡುತ್ತದೆ. ಪೊರೆಯ ಮುಂದೆ ಆ ಪ್ರಶ್ನೆಯೇ ಅರೆಬರೆ. ಎಲ್ಲವನ್ನೂ ಬಿಟ್ಟುಕೊಂಡ ಕೋಶವೂ ಸಾಯುತ್ತದೆ, ಎಲ್ಲವನ್ನೂ ತಡೆದ ಕೋಶವೂ ಸಾಯುತ್ತದೆ. ಬಂದದ್ದು ಯಾರ ಜೊತೆಗೆ ಬಂತು, ಅದನ್ನು ಬರಮಾಡಿಕೊಳ್ಳುವ ಖರ್ಚನ್ನು ಯಾರು ಹೊತ್ತರು ಎಂಬುದರ ಮೇಲೆ ಜೀವ ನಿಂತಿದೆ. ಭಾಷೆ ಬಾರದ ಊರಲ್ಲಿ ನನಗೆ ಜಾಗ ಸಿಕ್ಕಿದ್ದೂ ನನ್ನ ಯೋಗ್ಯತೆಯೊಂದರಿಂದಲೇ ಅಲ್ಲ. ಯಾರೋ ಜೊತೆಗೆ ನಿಂತರು, ಯಾರೋ ದಣಿದರು. ಅತಿಥಿಸತ್ಕಾರಕ್ಕೆ ಹೆಸರಾದ ಮನೆಯನ್ನು ಹೊಗಳುವ ಮುನ್ನ, ಹಿತ್ತಿಲಲ್ಲಿ ದುಡಿಯುವವರು ಯಾರೆಂದು ಕೇಳಿಕೊಳ್ಳುವುದು ಒಳ್ಳೆಯದು.